ಜಾಂಗ್ ನಿಂಗ್ ಅವರ ಆಟದ ಬದುಕನ್ನು ಸ್ಮರಣ ಸಂಚಿಕೆಗೆ ಬರೆಯುವುದು ಹೇಗೆ?

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಊರುಗಳಲ್ಲಿ ಕಲಾ-ಕ್ರೀಡಾ ಸಂಘವಿಲ್ಲದ ವಾರ್ಡನ್ನು ಹುಡುಕುವುದು ಕಷ್ಟ. ಸಂಘವಿದ್ದಲ್ಲಿ ವಾರ್ಷಿಕೋತ್ಸವ, ವಾರ್ಷಿಕೋತ್ಸವವಿದ್ದಲ್ಲಿ ಹೊನಲು ಬೆಳಕಿನ ಶಟಲ್ ಪಂದ್ಯಾಟ, ದಶಮಾನೋತ್ಸವವೋ ಬೆಳ್ಳಿಹಬ್ಬವೋ ಬಂದಾಗ ಒಂದು ಸ್ಮರಣ ಸಂಚಿಕೆ. ಶುಭಾಶಯಗಳೂ ಅಡಕೆ ವ್ಯಾಪಾರಿಗಳ ಜಾಹೀರಾತುಗಳೂ ಮುಗಿದ ಮೇಲೆ ಉಳಿಯುವ ಎರಡು ಮೂರು ಪುಟಗಳಿಗೆ ಕ್ರೀಡಾಪಟುವೊಬ್ಬರ ಪರಿಚಯ ಬೇಕೆಂದು ಸಂಪಾದಕ ಸಮಿತಿಯವರು ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಕರನ್ನೋ ಹೈಸ್ಕೂಲಿನ ಮಕ್ಕಳನ್ನೋ ಕೇಳುತ್ತಾರೆ. ಹೀಗೆ ಬರುವ ಲೇಖನಗಳನ್ನು ಹಲವು ವರ್ಷ ತಿದ್ದಿದ ಅನುಭವದಿಂದ ಹೇಳುವುದಾದರೆ, ಅವುಗಳಲ್ಲಿ ಹೆಚ್ಚಿನವು ಪದಕಗಳ ಪಟ್ಟಿಗೆ ಕ್ರಿಯಾಪದ ಜೋಡಿಸಿದ ಬರಹಗಳು. ಪಟ್ಟಿಯನ್ನು ಓದುಗರು ಮೊಬೈಲಿನಲ್ಲೇ ನೋಡಿಕೊಳ್ಳಬಲ್ಲರು. ಅದಕ್ಕಾಗಿ ಯಾರೂ ಸಂಚಿಕೆಯ ಪುಟ ತೆರೆಯುವುದಿಲ್ಲ.

ಅಂಥ ಲೇಖನವನ್ನು ಬೇರೆ ಬಗೆಯಲ್ಲಿ ಕಟ್ಟುವುದು ಹೇಗೆಂದು ಇಲ್ಲಿ ಒಂದೇ ಉದಾಹರಣೆಯನ್ನು ಹಿಡಿದು ವಿವರಿಸುತ್ತೇನೆ. ಉದಾಹರಣೆಯಾಗಿ ತೆಗೆದುಕೊಂಡದ್ದು ಚೀನಾದ ಜಾಂಗ್ ನಿಂಗ್ ಅವರ ಆಟದ ಬದುಕನ್ನು. 2004ರ ಅಥೆನ್ಸ್ ಮತ್ತು 2008ರ ಬೀಜಿಂಗ್ ಒಲಿಂಪಿಕ್ಸ್‌ಗಳಲ್ಲಿ ಮಹಿಳೆಯರ ಸಿಂಗಲ್ಸ್ ಚಿನ್ನ ಗೆದ್ದ ಅವರು, ಒಲಿಂಪಿಕ್ ಬ್ಯಾಡ್ಮಿಂಟನ್ ಸಿಂಗಲ್ಸ್‌ನಲ್ಲಿ ತಮ್ಮ ಚಿನ್ನವನ್ನು ಮುಂದಿನ ಕೂಟದಲ್ಲಿಯೂ ಉಳಿಸಿಕೊಂಡವರಲ್ಲಿ ಮೊದಲಿಗರು. ಸೈನಾ, ಸಿಂಧು ಇರುವಾಗ ಚೀನಾದವರೇಕೆ ಎಂದು ಸಂಘದವರು ಕೇಳದೆ ಇರುವುದಿಲ್ಲ. ಸೈನಾ ಅವರ ಬಗ್ಗೆ ಹಿಂದಿನ ಮೂರು ಸಂಚಿಕೆಗಳಲ್ಲಿ ಬರೆದಾಗಿದೆ ಎನ್ನುವುದು ಒಂದು ಉತ್ತರ. ಇನ್ನೊಂದು ಉತ್ತರವನ್ನು ನನಗೆ ಕೊಟ್ಟವಳು ಎಂಟನೆಯ ತರಗತಿಯ ಒಬ್ಬ ಹುಡುಗಿ.

ಅವಳು ಫುಲ್‌ಸ್ಕೇಪ್ ಹಾಳೆಯ ಒಂದು ಬದಿ ತುಂಬಿಸಿಕೊಂಡು ಬಂದಿದ್ದಳು. ಎರಡು ಒಲಿಂಪಿಕ್ ಚಿನ್ನ, ಒಂದು ವಿಶ್ವ ಚಾಂಪಿಯನ್ ಪಟ್ಟ, ಎರಡು ಬೆಳ್ಳಿ, ಎರಡು ಕಂಚು, ಎಲ್ಲವೂ ಸರಿಯಾಗಿಯೇ ಇದ್ದವು. ಪ್ರತಿ ಇಸವಿಯ ಪಕ್ಕದಲ್ಲಿ ಅವರ ಆಗಿನ ವಯಸ್ಸನ್ನು ಪೆನ್ಸಿಲಿನಲ್ಲಿ ಬರೆ ಎಂದೆ. ಬರೆದು ಮುಗಿಸಿ, ಪೆನ್ಸಿಲಿನ ತುದಿಯನ್ನು ಎರಡು ಸಾಲುಗಳ ನಡುವೆ ಇಟ್ಟುಕೊಂಡು ಕೇಳಿದಳು: "ಮಾಷ್ಟ್ರೇ, ಹತ್ತೊಂಬತ್ತರಲ್ಲಿ ಸೋತವರು ಇಪ್ಪತ್ತೆಂಟರಲ್ಲಿ ಗೆದ್ದಿದ್ದಾರೆ. ನಡುವೆ ಏನು ಮಾಡುತ್ತಿದ್ದರು?" ಆ ಪ್ರಶ್ನೆಯನ್ನು ಕೇಳಿಸಿಕೊಂಡ ಮೇಲೆ ಹಾಳೆಯ ಆ ಬದಿಯನ್ನು ಅಡ್ಡಗೀಟು ಹಾಕಿ ಬಿಟ್ಟೆವು, ಲೇಖನವನ್ನು ಹಿಂಬದಿಯಲ್ಲಿ ಹೊಸದಾಗಿ ಆರಂಭಿಸಿದೆವು.

ಮೊದಲು ಕೋಷ್ಟಕ

ಆದ್ದರಿಂದ ವಾಕ್ಯ ಬರೆಯುವುದಕ್ಕೆ ಮುಂಚೆ ಒಂದು ಹಾಳೆಯಲ್ಲಿ ನಾಲ್ಕು ಕಂಬಸಾಲುಗಳನ್ನು ಗೀಚಿಕೊಳ್ಳಬೇಕು: ಇಸವಿ, ವಯಸ್ಸು, ಎಲ್ಲಿ ಯಾರೆದುರು ಏನಾಯಿತು, ಮತ್ತು ಆ ಹೊತ್ತಿಗೆ ಅವರಿಗಿಂತ ಮುಂದಿದ್ದವರು ಯಾರು. ಜಾಂಗ್ ನಿಂಗ್ ಹುಟ್ಟಿದ್ದು 1975ರ ಮೇ 19ರಂದು, ಚೀನಾದ ಈಶಾನ್ಯದ ಲಿಯಾವ್‌ನಿಂಗ್ ಪ್ರಾಂತ್ಯದ ಜಿನ್‌ಜೋ ನಗರದಲ್ಲಿ. ಹುಟ್ಟಿದ ತಿಂಗಳು ಗೊತ್ತಿರುವುದು ಇಲ್ಲಿ ಮುಖ್ಯ, ಏಕೆಂದರೆ ಇಸವಿಯಿಂದ ಇಸವಿಯನ್ನು ಕಳೆದು ವಯಸ್ಸು ಬರೆಯುವವರು ವರ್ಷದ ಕೊನೆಯಲ್ಲಿ ಹುಟ್ಟಿದವರ ವಿಷಯದಲ್ಲಿ ಒಂದು ವರ್ಷ ತಪ್ಪುತ್ತಾರೆ.

ಮೊದಲ ಮೂರು ಕಂಬಸಾಲುಗಳನ್ನು ತುಂಬಿಸುವುದು ಸುಲಭ. 1994ರಲ್ಲಿ, 19ರ ವಯಸ್ಸಿನಲ್ಲಿ, ಜಕಾರ್ತದಲ್ಲಿ ಮಹಿಳಾ ತಂಡಗಳ ಸ್ಪರ್ಧೆಯಾದ ಊಬರ್ ಕಪ್ಪಿನ ಫೈನಲಿನಲ್ಲಿ ಸೋಲು. 2001ರಲ್ಲಿ, 26ರಲ್ಲಿ, ಸ್ಪೇನಿನ ಸೆವಿಲ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಕಂಚು. 2003ರಲ್ಲಿ, 28ರಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ತಮ್ಮ ದೇಶದವರೇ ಆದ ಗೊಂಗ್ ರುಯಿನಾ ಅವರನ್ನು 11-6, 11-3ರಿಂದ ಸೋಲಿಸಿ ವಿಶ್ವ ಪಟ್ಟ. 29ರಲ್ಲಿ ಅಥೆನ್ಸ್ ಚಿನ್ನ. 2005ರಲ್ಲಿ ಅನಾಹೈಮ್, 2006ರಲ್ಲಿ ಮ್ಯಾಡ್ರಿಡ್, ಎರಡೂ ಕಡೆ ಫೈನಲಿನಲ್ಲಿ ಶ್ಯೆ ಶಿಂಗ್‌ಫಾಂಗ್ ಅವರೆದುರು ಸೋತು ಬೆಳ್ಳಿ. 2007ರಲ್ಲಿ ಕೌಲಾಲಂಪುರದಲ್ಲಿ ಕಂಚು. 33ರಲ್ಲಿ ಬೀಜಿಂಗ್.

ನಾಲ್ಕನೆಯ ಕಂಬಸಾಲು ನಿಮ್ಮ ಲೇಖನವನ್ನು ಉಳಿದವರ ಲೇಖನಗಳಿಂದ ಬೇರೆಯಾಗಿಸುತ್ತದೆ. 1994ರಿಂದ 2003ರವರೆಗೆ ಕೋಷ್ಟಕ ಬಹುತೇಕ ಖಾಲಿ ಕಾಣುತ್ತದೆ, ಆದರೆ ಖಾಲಿ ಇರುವುದು ಜಾಂಗ್ ಅವರ ಸಾಲು ಮಾತ್ರ. ಆ ವರ್ಷಗಳಲ್ಲಿ ಗೆದ್ದವರ ಹೆಸರುಗಳನ್ನು ಅಲ್ಲಿ ಬರೆಯಿರಿ: 1995 ಮತ್ತು 1997ರ ವಿಶ್ವ ಪಟ್ಟ ಚೀನಾದ ಯೆ ಜಾವ್‌ಯಿಂಗ್ ಅವರದು, 1999ರದು ಡೆನ್ಮಾರ್ಕಿನ ಕಮಿಲಾ ಮಾರ್ಟಿನ್ ಅವರದು, 2000ದ ಸಿಡ್ನಿ ಒಲಿಂಪಿಕ್ ಚಿನ್ನ ಚೀನಾದ ಗೊಂಗ್ ಜಿಚಾವ್ ಅವರದು, 2001ರ ವಿಶ್ವ ಪಟ್ಟ ಗೊಂಗ್ ರುಯಿನಾ ಅವರದು. ಐದರಲ್ಲಿ ನಾಲ್ಕು ಪಟ್ಟಗಳು ಅವರ ಜೊತೆಯಲ್ಲೇ ಅಭ್ಯಾಸ ಮಾಡುತ್ತಿದ್ದ ತಂಡಕ್ಕೆ ಹೋದವು. ಆಗಿನ ನಿಯಮದಂತೆ ಒಲಿಂಪಿಕ್ ಸಿಂಗಲ್ಸ್‌ಗೆ ಒಂದು ದೇಶದಿಂದ ಹೆಚ್ಚೆಂದರೆ ಮೂವರು ಹೋಗಬಹುದಿತ್ತು. 1996ರ ಅಟ್ಲಾಂಟಾಕ್ಕಾಗಲಿ 2000ದ ಸಿಡ್ನಿಗಾಗಲಿ ಜಾಂಗ್ ಹೋಗಲಿಲ್ಲ. ಅವರ ಮೊದಲ ಒಲಿಂಪಿಕ್ಸ್ 29ರ ವಯಸ್ಸಿನಲ್ಲಿ ಬಂತು. ಅವರಿಗಿಂತ ಎರಡು ವರ್ಷ ಚಿಕ್ಕವರಾದ ಗೊಂಗ್ ಜಿಚಾವ್, ಜಾಂಗ್ ಅವರಿಗೆ ವಿಶ್ವ ಪಟ್ಟ ಸಿಗುವ ಹೊತ್ತಿಗೆ ಒಲಿಂಪಿಕ್ ಚಿನ್ನ ಗೆದ್ದು ಸ್ಪರ್ಧೆಯಿಂದ ಹಿಂದೆ ಸರಿದೂ ಆಗಿತ್ತು. ಹುಡುಗಿಯ ಪ್ರಶ್ನೆಗೆ ಉತ್ತರ ಈ ಕಂಬಸಾಲಿನಲ್ಲಿ ಸಿಕ್ಕಿತು. ಅವರು ಆ ವರ್ಷಗಳಲ್ಲಿ ಆಡುತ್ತಲೇ ಇದ್ದರು. ಸಾಲು ಉದ್ದವಾಗಿತ್ತು, ಸಾಲಿನಲ್ಲಿ ನಿಂತಿದ್ದರು. "ಛಲ ಬಿಡದೆ ಪರಿಶ್ರಮಪಟ್ಟರು" ಎಂಬಂಥ ಮಾತನ್ನು ನಾನು ಲೇಖನಗಳಿಂದ ಹೊಡೆದುಹಾಕುವುದು ಇದಕ್ಕಾಗಿಯೇ. ಆ ಒಂದು ಮಾತಿಗಿಂತ ನಾಲ್ಕು ಹೆಸರು ಮತ್ತು ನಾಲ್ಕು ಇಸವಿ ಹೆಚ್ಚು ಹೇಳುತ್ತವೆ.

ಕೋಷ್ಟಕ ಮಾಡುವಾಗ ಎರಡು ಸಣ್ಣ ವಿಷಯಗಳನ್ನು ಗಮನಿಸಬೇಕು. ವಿಶ್ವ ಚಾಂಪಿಯನ್‌ಷಿಪ್ 2005ರವರೆಗೆ ಎರಡು ವರ್ಷಕ್ಕೊಮ್ಮೆ ನಡೆಯುತ್ತಿತ್ತು. ಆಮೇಲೆ ಒಲಿಂಪಿಕ್ ವರ್ಷಗಳನ್ನು ಬಿಟ್ಟು ಪ್ರತಿವರ್ಷ ನಡೆಯಿತು. ಆದ್ದರಿಂದ 2002ರಲ್ಲಿ ಅಥವಾ 2004ರಲ್ಲಿ ಪದಕವಿಲ್ಲದಿರುವುದನ್ನು ಸೋಲೆಂದು ಬರೆಯಬಾರದು. ಎರಡನೆಯದು, ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಸೆಮಿಫೈನಲಿನಲ್ಲಿ ಸೋತ ಇಬ್ಬರಿಗೂ ಕಂಚು ಸಿಗುತ್ತದೆ, ಒಲಿಂಪಿಕ್ಸ್‌ನಲ್ಲಿ ಕಂಚಿಗಾಗಿ ಬೇರೆ ಪಂದ್ಯವೇ ಇದೆ. "ಕಂಚಿನ ಪಂದ್ಯದಲ್ಲಿ ಗೆದ್ದರು" ಎಂದು 2001ರ ಬಗ್ಗೆ ಬರೆದರೆ ಇಲ್ಲದ ಪಂದ್ಯವನ್ನು ಸೃಷ್ಟಿಸಿದಂತಾಗುತ್ತದೆ.

ಎಣಿಕೆಯಲ್ಲಿ ಎಡವದಿರಲು

ಇಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಅಥೆನ್ಸ್ ಫೈನಲಿನ ಅಂಕಗಳು 8-11, 11-6, 11-7. ಇವತ್ತಿನ 21 ಅಂಕಗಳ ಗೇಮುಗಳನ್ನೇ ನೋಡಿದ ಕಣ್ಣಿಗೆ ಇವು ಬೇಗ ಮುಗಿದ, ಸಪ್ಪೆಯಾದ ಗೇಮುಗಳಂತೆ ಕಂಡವು, ಹಾಗೆಂದೇ ಬರೆದುಬಿಟ್ಟೆ. ಸಂಚಿಕೆ ಹೊರಬಂದ ವಾರದಲ್ಲಿ, ಹಿಂದೆ ನಮ್ಮೂರಿನ ಪಂದ್ಯಾಟಗಳಲ್ಲೆಲ್ಲ ಆಡುತ್ತಿದ್ದ ಹಿರಿಯರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ಅದು ಹನ್ನೊಂದರ ಗೇಮಲ್ಲವಾ ಮಾಷ್ಟ್ರೇ? ಸರ್ವಿಸ್ ಕೈಯಲ್ಲಿದ್ದರೆ ಮಾತ್ರ ಪಾಯಿಂಟು. ಒಂದು ಪಾಯಿಂಟಿಗೆ ಬೆವರು ಇಳಿಯುತ್ತಿತ್ತು" ಎಂದರು. ಅವರ ಮಾತು ಸರಿಯಾಗಿಯೇ ಇತ್ತು.

2006ಕ್ಕೆ ಮುಂಚಿನ ಪದ್ಧತಿಯಲ್ಲಿ ಮಹಿಳೆಯರ ಸಿಂಗಲ್ಸ್ ಗೇಮು 11 ಅಂಕಗಳದು, ಪುರುಷರದು 15ರದು. ಒಂದು ಸರ್ವಿಸ್‌ನಿಂದ ಶಟಲ್ ಬೀಳುವವರೆಗಿನ ಆಟವೇ ಒಂದು ರ್‍ಯಾಲಿ. ಸರ್ವಿಸ್ ಮಾಡುವವರು ರ್‍ಯಾಲಿ ಗೆದ್ದರೆ ಅಂಕ; ಎದುರಿನವರು ಗೆದ್ದರೆ ಅವರಿಗೆ ಸರ್ವಿಸ್ ಸಿಗುತ್ತಿತ್ತೇ ಹೊರತು ಅಂಕ ಸಿಗುತ್ತಿರಲಿಲ್ಲ. ಹಾಗಾಗಿ 4-4ರಲ್ಲಿ ನಿಂತ ಗೇಮು ಸರ್ವಿಸ್ ಅತ್ತಿತ್ತ ಹೋಗುತ್ತಾ ಎಷ್ಟೋ ಹೊತ್ತು ಅಲ್ಲೇ ನಿಂತಿರಬಹುದಿತ್ತು. 2006ರಲ್ಲಿ ಬಂದ ಪದ್ಧತಿಯಲ್ಲಿ ಯಾರು ಸರ್ವಿಸ್ ಮಾಡಿದರೂ ರ್‍ಯಾಲಿ ಗೆದ್ದವರಿಗೆ ಅಂಕ, ಗೇಮು 21ಕ್ಕೆ. 20-20 ಆದರೆ ಎರಡು ಅಂಕಗಳ ಮುನ್ನಡೆ ಬೇಕು, 29-29ರವರೆಗೆ ಹೋದರೆ 30ನೆಯ ಅಂಕ ಗೆದ್ದವರಿಗೆ ಗೇಮು. ಜಾಂಗ್ ಅವರ ಬದುಕು ಈ ಎರಡೂ ಪದ್ಧತಿಗಳ ಮೇಲೆ ಹಾದುಹೋಗಿದೆ. ಅಥೆನ್ಸ್ ಚಿನ್ನ ಹಳೆಯ ಎಣಿಕೆಯದು, ಬೀಜಿಂಗ್ ಚಿನ್ನ ಹೊಸದರದು. ಹದಿನೈದು ವರ್ಷ ಒಂದು ಲೆಕ್ಕದಲ್ಲಿ ಆಡಿದವರಿಗೆ 31ರ ವಯಸ್ಸಿನಲ್ಲಿ ಲೆಕ್ಕವೇ ಬದಲಾಯಿತು ಎಂಬುದನ್ನು ಒಂದು ವಾಕ್ಯದಲ್ಲಾದರೂ ಹೇಳದಿದ್ದರೆ ಎರಡನೆಯ ಚಿನ್ನದ ತೂಕ ಓದುಗರಿಗೆ ಗೊತ್ತಾಗುವುದಿಲ್ಲ. ಆಡಳಿತ ಸಂಸ್ಥೆಯ ಹೆಸರು ಕೂಡ ಅದೇ 2006ರಲ್ಲಿ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಫೆಡರೇಷನ್ ಎನ್ನುವುದರಿಂದ ಬ್ಯಾಡ್ಮಿಂಟನ್ ವರ್ಲ್ಡ್ ಫೆಡರೇಷನ್ ಎಂದಾಯಿತು; ಇದು ಅಡಿಟಿಪ್ಪಣಿಗೆ ಸಾಕು.

ಹೆಸರುಗಳನ್ನು ಬರೆಯುವ ಕ್ರಮ

ಎರಡು ಭಾಷೆಯ ಪತ್ರಿಕೆಗಳು ಬರುವ ನಮ್ಮ ಮನೆಗಳಲ್ಲಿ ಒಂದೇ ಆಟಗಾರ್ತಿಯ ಹೆಸರು ಮಲಯಾಳದಲ್ಲಿ ಒಂದು ರೀತಿ, ಕನ್ನಡದಲ್ಲಿ ಎರಡು ರೀತಿ ಕಾಣಿಸುತ್ತದೆ. ಯಾವುದನ್ನಾದರೂ ಒಂದನ್ನು ಆರಿಸಿ ಕೊನೆಯವರೆಗೂ ಅದನ್ನೇ ಬಳಸಿ. ನನ್ನ ಆಯ್ಕೆಗೆ ಕಾರಣ ಹೀಗಿದೆ: ಚೀನೀ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಜೆಡ್ ಮತ್ತು ಎಚ್ ಕೂಡಿ ಬಂದಲ್ಲಿ ಉಚ್ಚಾರ ನಮ್ಮ ಜಕಾರಕ್ಕೆ ಹತ್ತಿರ, ಮಹಾಪ್ರಾಣವಿಲ್ಲ, ಆದ್ದರಿಂದ ಝಾಂಗ್ ಎನ್ನುವುದಕ್ಕಿಂತ ಜಾಂಗ್ ಮೇಲು. ಎಕ್ಸ್ ಇದ್ದಲ್ಲಿ ಶಕಾರ ಬರುತ್ತದೆ. ಹಾಗಾಗಿ ಶ್ಯೆ ಶಿಂಗ್‌ಫಾಂಗ್, ಕ್ಸೀ ಕ್ಸಿಂಗ್‌ಫಾಂಗ್ ಅಲ್ಲ. ಹೆಸರಿನ ಕೊನೆಯ 'ಂಗ್' ಎನ್ನುವಲ್ಲಿ ಗಕಾರ ನಿಜವಾಗಿ ಕೇಳಿಸುವುದಿಲ್ಲ, ಮೂಗಿನ ಙಕಾರ ಮಾತ್ರ ಇದೆ. ಕನ್ನಡ ಬರವಣಿಗೆಯಲ್ಲಿ ಅದನ್ನು ತೋರಿಸುವ ರೂಢಿ ಇಲ್ಲದಿದ್ದರೂ, ದಿನವೂ ಮಲಯಾಳದ ತೇಙ್ಙ, ಮಾಙ್ಙಗಳನ್ನು ಕೇಳುವ ಕಾಸರಗೋಡಿನ ಮಕ್ಕಳಿಗೆ ಈ ಧ್ವನಿಯನ್ನು ಬೆಂಗಳೂರಿನ ಮಕ್ಕಳಿಗಿಂತ ಬೇಗ ಹೇಳಿಕೊಡಬಹುದು. ಸಂಚಿಕೆ ಬಿಡುಗಡೆಯ ದಿನ ಲೇಖನವನ್ನು ವೇದಿಕೆಯಲ್ಲಿ ಓದಿಸುವುದಿದ್ದರೆ ಇದು ಉಪಯೋಗಕ್ಕೆ ಬರುತ್ತದೆ.

ಚೀನೀ ಹೆಸರಿನಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ಎರಡನೆಯ ಸಲ ಬರೆಯುವಾಗ "ಜಾಂಗ್" ಎನ್ನಬೇಕು, "ನಿಂಗ್ ಅವರು" ಎನ್ನಬಾರದು. ಆದರೆ ಗೊಂಗ್ ಜಿಚಾವ್ ಮತ್ತು ಗೊಂಗ್ ರುಯಿನಾ ಇಬ್ಬರೂ ಒಂದೇ ಲೇಖನದಲ್ಲಿ ಬರುವುದರಿಂದ ಅವರನ್ನು ಪ್ರತಿಸಲವೂ ಪೂರ್ಣ ಹೆಸರಿನಿಂದಲೇ ಕರೆಯಿರಿ. ಮನೆತನದ ಹೆಸರು ಒಂದೇ ಎಂದು ಅವರನ್ನು ಅಕ್ಕತಂಗಿಯರನ್ನಾಗಿ ಮಾಡಿದ ಲೇಖನವೊಂದನ್ನು ನಾನು ತಿದ್ದಿದ್ದೇನೆ.

ಎಲ್ಲಿಂದ ಆರಂಭಿಸಬೇಕು

ಹುಟ್ಟಿದ ಊರಿನಿಂದ ಆರಂಭಿಸಬೇಡಿ. ಕೋಷ್ಟಕದ ಮೊದಲ ಸಾಲನ್ನೇ ನೋಡಿ, ಬೇಕಾದದ್ದೆಲ್ಲ ಅಲ್ಲಿದೆ. ಊಬರ್ ಕಪ್ ಎಂದರೆ ದೇಶದೇಶಗಳ ಮಹಿಳಾ ತಂಡಗಳ ನಡುವಿನ ಸ್ಪರ್ಧೆ. ಒಂದು ಮುಖಾಮುಖಿಯಲ್ಲಿ ಮೂರು ಸಿಂಗಲ್ಸ್, ಎರಡು ಡಬಲ್ಸ್. 1984ರಲ್ಲಿ ಮೊದಲ ಬಾರಿಗೆ ಕಪ್ ಗೆದ್ದ ಚೀನಾ 1992ರವರೆಗೆ ಸತತವಾಗಿ ಐದು ಸಲ ಅದನ್ನು ತನ್ನಲ್ಲೇ ಉಳಿಸಿಕೊಂಡಿತ್ತು. 1994ರ ಮೇ ತಿಂಗಳಲ್ಲಿ ಫೈನಲು ಇಂಡೊನೇಷ್ಯಾದ ರಾಜಧಾನಿಯಲ್ಲಿ, ಇಂಡೊನೇಷ್ಯಾದ ಎದುರೇ ಬಂತು. ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಸೂಸಿ ಸೂಸಂತಿ ಆ ತಂಡದಲ್ಲಿದ್ದರು. ಆದರೆ 2-2ರಲ್ಲಿ ನಿಂತ ಫೈನಲನ್ನು ಮುಗಿಸಿದವರು ಸೂಸಂತಿ ಅಲ್ಲ, ಹದಿನಾಲ್ಕು ವರ್ಷದ ಮಿಯಾ ಔದಿನಾ. ಆಗಷ್ಟೇ ಹತ್ತೊಂಬತ್ತು ತುಂಬಿದ್ದ ಜಾಂಗ್ ನಿಂಗ್ ಆ ಪಂದ್ಯವನ್ನು 7-11, 12-10, 4-11ರಿಂದ ಕಳೆದುಕೊಂಡರು. ಅದರೊಂದಿಗೆ ಚೀನಾ ಕಪ್ಪನ್ನೂ ಕಳೆದುಕೊಂಡಿತು.

ನನ್ನ ವಿದ್ಯಾರ್ಥಿನಿಯ ಮೊದಲ ಕರಡಿನ ಮೊದಲ ವಾಕ್ಯ, "ಜಾಂಗ್ ನಿಂಗ್ ಅವರು ವಿಶ್ವ ಕಂಡ ಅಪ್ರತಿಮ ಬ್ಯಾಡ್ಮಿಂಟನ್ ತಾರೆಯರಲ್ಲಿ ಒಬ್ಬರು" ಎಂದಿತ್ತು. ಕೋಷ್ಟಕ ಮಾಡಿದ ಮೇಲೆ ಅವಳು ಬರೆದದ್ದು ಹೀಗೆ: "ಜಾಂಗ್ ನಿಂಗ್ ಅವರಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ ನನ್ನ ವಯಸ್ಸಿನ ಒಬ್ಬ ಹುಡುಗಿ ಅವರನ್ನು ಸೋಲಿಸಿದಳು." ಬರೆದವಳಿಗೆ ಆಗ ಹದಿನಾಲ್ಕು ನಡೆಯುತ್ತಿತ್ತು. ನಾನು ಆ ವಾಕ್ಯದಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ.

ಹೀಗೆ ಆರಂಭಿಸಿದರೆ ಅಥೆನ್ಸ್‌ಗೆ ದಾರಿ ತಾನಾಗಿ ತೆರೆಯುತ್ತದೆ. ಮಿಯಾ ಔದಿನಾ 1996ರ ಅಟ್ಲಾಂಟಾದಲ್ಲಿ ಇಂಡೊನೇಷ್ಯಾಕ್ಕೆ ಬೆಳ್ಳಿ ತಂದುಕೊಟ್ಟರು, ಮದುವೆಯಾಗಿ ನೆದರ್‌ಲ್ಯಾಂಡ್ಸ್‌ಗೆ ಹೋದರು, ಮುಂದೆ ಆ ದೇಶದ ಪರವಾಗಿ ಆಡಿದರು. 2004ರ ಆಗಸ್ಟಿನಲ್ಲಿ ಅಥೆನ್ಸಿನ ಗೌಡಿ ಸಭಾಂಗಣದಲ್ಲಿ ಒಲಿಂಪಿಕ್ ಫೈನಲಿಗೆ ಬಂದ ಇಬ್ಬರು ಅವರೇ: ಹತ್ತು ವರ್ಷಗಳ ಹಿಂದೆ ಜಕಾರ್ತದಲ್ಲಿ ಎದುರುಬದುರಾದ ಔದಿನಾ ಮತ್ತು ಜಾಂಗ್. ಮೊದಲ ಗೇಮನ್ನು ಜಾಂಗ್ ಮತ್ತೆ ಸೋತರು, ಉಳಿದೆರಡನ್ನು ಗೆದ್ದರು. ಇಲ್ಲಿ "ಸೇಡು ತೀರಿಸಿಕೊಂಡರು" ಎಂದು ಬರೆಯುವ ಆಸೆ ಕೈಬೆರಳಿನವರೆಗೆ ಬರುತ್ತದೆ, ತಡೆಯಿರಿ. ಎರಡು ಇಸವಿ, ಎರಡು ಊರು ಮತ್ತು ಅದೇ ಎರಡು ಹೆಸರುಗಳನ್ನು ಪಕ್ಕಪಕ್ಕ ಇಟ್ಟರೆ ಓದುಗರು ಅದನ್ನು ತಾವೇ ಹೇಳಿಕೊಳ್ಳುತ್ತಾರೆ.

ಮುಜುಗರದ ಪಂದ್ಯವನ್ನು ಬಿಡಬಾರದು

ಅಥೆನ್ಸ್ ಫೈನಲಿಗೆ ಮುಂಚೆ ಒಂದು ಸೆಮಿಫೈನಲ್ ಇದೆ, ಅದನ್ನು ದಾಟಿಸಿ ಬರೆಯುವವರೇ ಹೆಚ್ಚು. ಅಲ್ಲಿ ಜಾಂಗ್ ಅವರ ಎದುರಾಳಿ ಚೀನಾದವರೇ ಆದ ಜೋ ಮಿ. ಜಾಂಗ್ ಗೆದ್ದರು, ಜೋ ಮಿ ಮುಂದೆ ಗೊಂಗ್ ರುಯಿನಾ ಅವರನ್ನು ಸೋಲಿಸಿ ಕಂಚು ಪಡೆದರು. ನಾಲ್ಕು ವರ್ಷಗಳ ನಂತರ, 2008ರಲ್ಲಿ, ಚೀನಾ ತಂಡದ ಮುಖ್ಯ ತರಬೇತುದಾರ ಲಿ ಯೊಂಗ್‌ಬೊ ಅವರು, ಆ ಪಂದ್ಯವನ್ನು ಬಿಟ್ಟುಕೊಡುವಂತೆ ಜೋ ಮಿ ಅವರಿಗೆ ತಂಡದ ಕಡೆಯಿಂದಲೇ ಸೂಚಿಸಲಾಗಿತ್ತು ಎಂದು ಸಂದರ್ಶನದಲ್ಲಿ ಒಪ್ಪಿಕೊಂಡರು. ವಿದೇಶಿ ಎದುರಾಳಿಯೊಂದಿಗೆ ಆಡಬೇಕಾದ ಫೈನಲಿಗೆ ತಮ್ಮವರು ದಣಿಯದೆ ಹೋಗಬೇಕೆಂಬುದು ಲೆಕ್ಕಾಚಾರವಾಗಿತ್ತು. 2000ದ ಸಿಡ್ನಿಯಲ್ಲಿ ಗೊಂಗ್ ಜಿಚಾವ್ ಅವರೆದುರಿನ ಸೆಮಿಫೈನಲಿನಲ್ಲಿ ತಮಗೂ ಹೀಗೆಯೇ ಸೋಲಲು ಹೇಳಲಾಗಿತ್ತೆಂದು ಯೆ ಜಾವ್‌ಯಿಂಗ್ ಅವರು ಬಹಳ ವರ್ಷಗಳ ಮೇಲೆ ಬಹಿರಂಗವಾಗಿ ಹೇಳಿದರು. ನಮ್ಮ ಊರಿನ ಪಂದ್ಯಾಟಗಳಲ್ಲಿ ಇದಕ್ಕೆ ಅಡ್ಜಸ್ಟ್‌ಮೆಂಟ್ ಎಂಬ ಹೆಸರಿದೆ, ಅದನ್ನು ಕಂಡು ಗಲಾಟೆಯಾದ ರಾತ್ರಿಗಳೂ ಇವೆ. ಆದ್ದರಿಂದ ಓದುಗರಿಗೆ ಇದು ಅರ್ಥವಾಗದ ವಿಷಯವಲ್ಲ.

ಬರೆಯುವ ಕ್ರಮ ಇಷ್ಟೇ: ಯಾರು ಹೇಳಿದರು, ಯಾವಾಗ ಹೇಳಿದರು, ಏನು ಹೇಳಿದರು ಎಂಬುದನ್ನು ಮೂರು ವಾಕ್ಯಗಳಲ್ಲಿ ಕೊಟ್ಟು ನಿಲ್ಲಿಸುವುದು. ಒಪ್ಪಿಕೊಂಡವರು ತರಬೇತುದಾರರು, ಹೇಳಿದ್ದು ಜೋ ಮಿ ಅವರಿಗೆ ಕೊಟ್ಟ ಸೂಚನೆಯ ಬಗ್ಗೆ. ಅದರಿಂದ ಜಾಂಗ್ ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸುವ ಅಧಿಕಾರ ನಿಮಗೆ ಬರುವುದಿಲ್ಲ. ಚಿನ್ನದ ಹೊಳಪು ಕಡಿಮೆಯಾದೀತೆಂದು ಅದನ್ನು ಮುಚ್ಚಿಡುವ ಅಧಿಕಾರವೂ ಇಲ್ಲ. ಹೊಗಳಿಕೆಯ ಲೇಖನದಲ್ಲಿ ಇದೇಕೆ ಎಂದು ಸಂಪಾದಕ ಸಮಿತಿಯವರು ಕೇಳಿದರೆ, ಜೋ ಮಿ ಅವರಿಗೂ ಆ ಬೆಳಗ್ಗೆ ಒಲಿಂಪಿಕ್ ಫೈನಲಿಗೆ ಒಂದು ಗೆಲುವಷ್ಟೇ ಬಾಕಿಯಿತ್ತು ಎಂಬುದನ್ನು ನೆನಪಿಸಿ. 2012ರ ಲಂಡನ್ನಿನಲ್ಲಿ ಬೇಕೆಂದೇ ಸೋಲಲು ಆಡಿದ್ದಕ್ಕಾಗಿ ಎಂಟು ಡಬಲ್ಸ್ ಆಟಗಾರ್ತಿಯರನ್ನು ಹೊರಹಾಕಿದ ಪ್ರಕರಣ ಬೇರೆಯೇ; ಅದನ್ನು ಇಲ್ಲಿಗೆ ಎಳೆದು ತರಬೇಡಿ.

ಆಟವನ್ನು ಕಣ್ಣಿಗೆ ತರುವುದು

ಒಂದೇ ಒಂದು ಪಂದ್ಯವನ್ನಾದರೂ ಹತ್ತಿರದಿಂದ ತೋರಿಸಬೇಕು, ಮತ್ತು ಅದಕ್ಕೆ 2008ರ ಆಗಸ್ಟ್ 16ರ ಫೈನಲಿಗಿಂತ ಒಳ್ಳೆಯದಿಲ್ಲ. ಪಂದ್ಯದ ವಿಡಿಯೊ ಹುಡುಕಿ, ಎರಡು ಸಲ ನೋಡಿ. ಮೊದಲ ಸಲ ಶಟಲನ್ನು, ಎರಡನೆಯ ಸಲ ಜಾಂಗ್ ಅವರ ಪಾದಗಳನ್ನು ಮಾತ್ರ. ಐದಡಿ ಒಂಬತ್ತು ಅಂಗುಲದಷ್ಟು ಎತ್ತರದವರು ನೆಟ್ಟಿನ ಹತ್ತಿರ ಎಷ್ಟು ಹೆಜ್ಜೆಗಳಲ್ಲಿ ಬರುತ್ತಾರೆ, ಹೊಡೆದ ಮೇಲೆ ನಡುಜಾಗಕ್ಕೆ ಹೇಗೆ ಮರಳುತ್ತಾರೆ, ನಮ್ಮವರು ಟಾಸ್ ಎನ್ನುವ ಎತ್ತರದ ಹೊಡೆತದಿಂದ ಎದುರಾಳಿಯನ್ನು ಹಿಂದಕ್ಕೆ ಕಳುಹಿಸಿ ಯಾವಾಗ ನೆಟ್ಟಿನ ಹತ್ತಿರವೇ ಬೀಳಿಸುವ ಡ್ರಾಪ್ ಮಾಡುತ್ತಾರೆ ಎಂಬುದನ್ನು ನೀವು ಕಂಡಷ್ಟೇ ಬರೆಯಿರಿ. "ಮಿಂಚಿನ ವೇಗ", "ಚಿರತೆಯ ಚುರುಕು" ಎಂಬವುಗಳನ್ನು ಬರೆದರೆ ನೀವು ವಿಡಿಯೊ ನೋಡಿಲ್ಲವೆಂದು ಆಟ ಬಲ್ಲವರಿಗೆ ತಿಳಿದುಬಿಡುತ್ತದೆ.

ಓದುಗರಿಗೆ ಅಳತೆ ಸಿಗುವಂತೆ ಮಾಡಲು ಒಂದು ಉಪಾಯವಿದೆ. ಸಿಂಗಲ್ಸ್ ಅಂಕಣದ ಒಂದು ಬದಿ 6.70 ಮೀಟರ್ ಉದ್ದ, 5.18 ಮೀಟರ್ ಅಗಲ. ನೆಟ್ಟಿನ ಎತ್ತರ ನಡುವಿನಲ್ಲಿ 1.524 ಮೀಟರ್, ಅಂದರೆ ಐದು ಅಡಿ. ಮಳೆ ನಿಂತು ಅಂಗಳಕ್ಕೆ ಅಡಕೆ ಬೀಳುವ ಮೊದಲಿನ ವಾರಗಳಲ್ಲಿ ನಮ್ಮ ಮಕ್ಕಳು ಅಂಗಳದಲ್ಲೇ ಸುಣ್ಣದ ಗೆರೆ ಎಳೆದು ಆಡುತ್ತಾರೆ. ಅಲ್ಲಿ ಟೇಪು ಹಿಡಿದು ಈ ಅಳತೆಯನ್ನು ಗುರುತುಮಾಡಿ, ಹಿಂದಿನ ಮೂಲೆಯಿಂದ ನೆಟ್ಟಿನ ಎದುರು ಮೂಲೆಗೆ ಇಪ್ಪತ್ತು ಸಲ ಹೋಗಿ ಬಂದು ಆಮೇಲೆ ಬರೆಯಲು ಕುಳಿತುಕೊಳ್ಳಿ. ನನ್ನ ವಿದ್ಯಾರ್ಥಿನಿ ಹದಿಮೂರಕ್ಕೆ ನಿಂತಳು. ನಾನು ಎಣಿಸುವ ಕೆಲಸ ಮಾತ್ರ ಮಾಡಿದೆ.

ಇನ್ನು ಅಂಕಗಳು. ಬೀಜಿಂಗ್ ಫೈನಲಿನಲ್ಲಿ ಎದುರಾಳಿ ಶ್ಯೆ ಶಿಂಗ್‌ಫಾಂಗ್. ಅವರ ವಯಸ್ಸು ಆಗ 27. 2005 ಮತ್ತು 2006ರ ವಿಶ್ವ ಚಾಂಪಿಯನ್‌ಷಿಪ್ ಫೈನಲುಗಳಲ್ಲಿ ಜಾಂಗ್ ಅವರನ್ನು ಸೋಲಿಸಿದವರು, 2005ರಿಂದ 2007ರವರೆಗೆ ಸತತ ಮೂರು ಸಲ ಆಲ್ ಇಂಗ್ಲೆಂಡ್ ಗೆದ್ದವರು. ಪ್ರಕಾಶ್ ಪಡುಕೋಣೆ ಅವರು 1980ರಲ್ಲಿ ಗೆದ್ದದ್ದರಿಂದ ಆ ಪಂದ್ಯಾವಳಿಯ ಹೆಸರು ಕನ್ನಡ ಓದುಗರಿಗೆ ಹೊಸದಲ್ಲ. ಜಾಂಗ್ ಅವರಿಗೆ ಅದು ಕೊನೆಗೂ ದಕ್ಕಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. ಭಾರತದ ಎಳೆಯೊಂದು ಬೇಕಿದ್ದರೆ ಅದೂ ಇದೆ: ಬೀಜಿಂಗ್ ಕೂಟದ ಕ್ವಾರ್ಟರ್‌ಫೈನಲಿನಲ್ಲಿ ಹದಿನೆಂಟರ ಸೈನಾ ನೆಹ್ವಾಲ್ ಅವರನ್ನು ಮೂರು ಗೇಮುಗಳಲ್ಲಿ ಸೋಲಿಸಿದ ಇಂಡೊನೇಷ್ಯಾದ ಮರಿಯಾ ಕ್ರಿಸ್ಟಿನ್ ಯೂಲಿಯಂತಿ ಅವರನ್ನೇ ಜಾಂಗ್ ಸೆಮಿಫೈನಲಿನಲ್ಲಿ ಸೋಲಿಸಿದರು.

ಫೈನಲಿನ ಅಂಕಗಳು 21-12, 10-21, 21-18. ಇವನ್ನು ಹಾಗೆಯೇ ಬರೆದು ಮುಂದೆ ಹೋಗಬೇಡಿ, ಕೂಡಿಸಿ ನೋಡಿ. ಜಾಂಗ್ ಅವರದು 21, 10, 21, ಒಟ್ಟು 52. ಶ್ಯೆ ಅವರದು 12, 21, 18, ಒಟ್ಟು 51. ಹೊಸ ಪದ್ಧತಿಯಲ್ಲಿ ಪ್ರತಿ ರ್‍ಯಾಲಿಗೂ ಅಂಕವಿರುವುದರಿಂದ ಆ ಫೈನಲಿನಲ್ಲಿ ಆಡಿದ್ದು ಒಟ್ಟು 103 ರ್‍ಯಾಲಿ, ಅವುಗಳಲ್ಲಿ ಇಬ್ಬರ ನಡುವೆ ಇದ್ದ ಅಂತರ ಒಂದು. ಅಥೆನ್ಸ್ ಫೈನಲಿಗೆ ಈ ಲೆಕ್ಕ ಹಾಕಬಾರದು, ಏಕೆಂದರೆ ಸರ್ವಿಸ್ ಬದಲಾದ ರ್‍ಯಾಲಿಗಳು ಅಲ್ಲಿನ ಅಂಕಗಳಲ್ಲಿ ಕಾಣಿಸುವುದೇ ಇಲ್ಲ. ಎಣಿಕೆಯ ಪದ್ಧತಿಯನ್ನು ಮೊದಲೇ ವಿವರಿಸಿದ್ದರೆ ಈ ಒಂದು ಅಂಕವನ್ನು ಹೇಳುವಾಗ ನಿಮಗೆ ಬೇರೆ ವಿಶೇಷಣ ಬೇಕಾಗುವುದಿಲ್ಲ.

ಲೇಖನವನ್ನು ಮುಗಿಸುವುದು ಎಲ್ಲಿ ಎಂಬ ಬಗ್ಗೆ ನನ್ನ ವಿದ್ಯಾರ್ಥಿನಿಗೂ ನನಗೂ ಭಿನ್ನಾಭಿಪ್ರಾಯವಿತ್ತು. ಜಾಂಗ್ ಮುಂದೆ ರಾಷ್ಟ್ರೀಯ ತಂಡದ ತರಬೇತುದಾರರಾದುದನ್ನು ಬರೆದು ಮುಗಿಸಬೇಕೆಂದು ನಾನೆಂದೆ. ಬೀಜಿಂಗ್ ಕೂಟದ ಸಮಾರೋಪದಲ್ಲಿ ಚೀನಾದ ಧ್ವಜ ಹಿಡಿದು ನಡೆದವರು ಜಾಂಗ್ ನಿಂಗ್ ಎಂಬಲ್ಲಿಗೆ ನಿಲ್ಲಿಸಬೇಕೆಂದು ಅವಳೆಂದಳು. ಅವಳ ಲೇಖನ, ಅವಳ ಮಾತೇ ನಡೆಯಿತು. ತರಬೇತಿಯ ವಿಷಯ ಚಿತ್ರದ ಅಡಿಬರಹಕ್ಕೆ ಹೋಯಿತು.

ಇಷ್ಟಾದ ಮೇಲೂ ಕೆಲಸ ಮುಗಿಯುವುದಿಲ್ಲ, ಪ್ರೂಫ್ ಬಾಕಿ ಇದೆ. ಡಿಟಿಪಿ ಮಾಡುವವರು ಅಂಕಿಗಳನ್ನು ಅಕ್ಷರಗಳಷ್ಟು ಎಚ್ಚರದಿಂದ ನೋಡುವುದಿಲ್ಲ. ಫಾಂಟ್ ಬದಲಿಸುವಾಗ ಅಡ್ಡಗೆರೆ ಹಾರಿಹೋಗಿ 11-6 ಎಂಬುದು 116 ಆದದ್ದಿದೆ. ಆದ್ದರಿಂದ ಒಬ್ಬರು ಕೋಷ್ಟಕದ ಹಾಳೆಯಿಂದ ಗಟ್ಟಿಯಾಗಿ ಓದುತ್ತಿರಬೇಕು, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಟ್ಟು ನೋಡುತ್ತಿರಬೇಕು. ಗೆದ್ದವರ ಅಂಕವನ್ನೇ ಮೊದಲು ಬರೆಯುತ್ತೀರಾ, ಅಥವಾ ಲೇಖನದ ನಾಯಕಿಯ ಅಂಕವನ್ನು ಮೊದಲು ಬರೆಯುತ್ತೀರಾ ಎಂಬುದನ್ನು ಆರಂಭದಲ್ಲೇ ನಿಶ್ಚಯಿಸಿ ಅದರಂತೆ ನಡೆಯಿರಿ. ನಾನಿಲ್ಲಿ ಎಲ್ಲ ಕಡೆಯೂ ಜಾಂಗ್ ಅವರ ಅಂಕವನ್ನು ಮೊದಲು ಬರೆದಿದ್ದೇನೆ. ಬೀಜಿಂಗ್ ಫೈನಲಿನ ಎರಡನೆಯ ಗೇಮನ್ನು ಮಾತ್ರ ಅಚ್ಚಿಗೆ ಹೋಗುವ ದಿನ ಇನ್ನೊಮ್ಮೆ ನೋಡಿ. ನಮ್ಮ ಸಂಚಿಕೆಯ ಪುಟ ಜೋಡಿಸಿದವರು, ಚಿನ್ನ ಗೆದ್ದವರಿಗೆ ಹತ್ತು ಅಂಕವೆಂದರೆ ಏನೋ ತಪ್ಪಿರಬೇಕೆಂದು ಒಳ್ಳೆಯ ಮನಸ್ಸಿನಿಂದಲೇ ಅದನ್ನು 21-10 ಎಂದು ತಿದ್ದಿಟ್ಟಿದ್ದರು.